ಹಡಗಿನ ಟಿಕೀಟು, ದೊಡ್ಡಪ್ಪನ ಟ್ರಂಕು

ಯಾರಾದರೂ ಪ್ರವಾಸಕ್ಕೆ ಹೊರಟಿದ್ದೇವೆ ಎಂದರೆ ನಾನು ಊರಿನ ಹೆಸರು ಕೇಳುವುದಿಲ್ಲ. ಏಜೆಂಟರ ಕಡೆಯಿಂದ ಹೊರಟಿರೋ, ಮನೆಯ ಹಿರಿಯರ ಕಡೆಯಿಂದಲೋ ಎಂದು ಕೇಳುತ್ತೇನೆ. ಏಜೆಂಟರಾದರೆ ಟಿಕೀಟು ತೆಗೆಸುತ್ತಾರೆ, ಜಾಗ ಹಿಡಿಸುತ್ತಾರೆ, ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಲಾಭ. ನನಗೆ ಗೊತ್ತಿರುವ ಲಾಭ ಬೇರೆಯದು. ಅಲ್ಲಿ ಮನೆಯ ಯಜಮಾನನ ದರಬಾರು ನಡೆಯುವುದಿಲ್ಲ.

ನಮ್ಮ ಮನೆಯ ಯಜಮಾನ ದೊಡ್ಡಪ್ಪ, ನನ್ನ ತಂದೆಯ ಅಣ್ಣ. ನಮ್ಮದು ಕುಂದಗೋಳ. ನಾನು ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡರು. ಆಮೇಲೆ ದೊಡ್ಡಮ್ಮನೂ ಹೋದಳು. ಅಲ್ಲಿಂದ ದೊಡ್ಡಪ್ಪನಿಗೂ ಅವನ ಮೂವರು ಗಂಡುಮಕ್ಕಳಿಗೂ ರೊಟ್ಟಿ ಬಡಿಯುವ ಕೆಲಸ ಅವ್ವನ ಕೊರಳಿಗೆ ಬಿತ್ತು. ಹೊರಗಿನವರ ಕೈಯ ಊಟ ಮುಟ್ಟುವುದಿಲ್ಲ ಎಂಬುದು ದೊಡ್ಡಪ್ಪನ ದೊಡ್ಡಸ್ತಿಕೆ. ಆ ದೊಡ್ಡಸ್ತಿಕೆಗೆ ಹಿಟ್ಟು ನಾದುವ ಕೈ ಮಾತ್ರ ಅವ್ವನದು.

ಎಂಬತ್ತರ ದಶಕದ ಆರಂಭ, ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಒಂದು ಬೇಸಿಗೆಯಲ್ಲಿ ದೊಡ್ಡಪ್ಪ ಎಲ್ಲರನ್ನೂ ಗೋವಾಕ್ಕೆ ಕರೆದುಕೊಂಡು ಹೊರಟ. ಹುಬ್ಬಳ್ಳಿಯಲ್ಲಿ ಯಾತ್ರೆ ಕರೆದೊಯ್ಯುವ ಏಜೆಂಟರಿದ್ದಾರಂತೆ ಎಂದು ಯಾರೋ ಹೇಳಿದರೆ, "ಏಜೆಂಟ್ ಯಾಕ ಬೇಕಲೇ, ನಾ ಏನ್ ಸತ್ತೇನೇನು?" ಎಂದ. ಅವ್ವ ಸಮುದ್ರ ಕಂಡವಳಲ್ಲ. ಹೊರಡುವ ಮೊದಲು ವಾರವಿಡೀ ಅದೇ ಮಾತು. "ಆಚಿ ದಂಡಿ ಕಾಣಂಗಿಲ್ಲಂತ, ಖರೇನ?" ಎಂದು ನನ್ನನ್ನು ಕೇಳಿದ್ದೇ ಕೇಳಿದ್ದು.

ಒಂದು ಕಬ್ಬಿಣದ ಟ್ರಂಕು. ಅದರೊಳಗೆ ಜೋಳದ ಹಿಟ್ಟು, ಶೇಂಗಾ ಚಟ್ನಿ, ಪಾತ್ರೆ, ಗಾಳಿ ಹೊಡೆಯುವ ಸ್ಟೋ. ಮುಚ್ಚಳದ ಮೇಲೆ ದೊಡ್ಡಪ್ಪ ಬಿಳಿಯ ಬಣ್ಣದಲ್ಲಿ ತನ್ನ ಪೂರ್ತಿ ಹೆಸರು ಬರೆಸಿದ್ದ. ಗೋವಾದ ಕಡೆ ಕಳ್ಳರು ಜಾಸ್ತಿ ಎಂದು ಅವನಿಗೆ ಯಾರು ಹೇಳಿದ್ದರೋ, ಆ ಟ್ರಂಕನ್ನು ಕಾಯಲು ಅವ್ವನನ್ನು ಕೂರಿಸಿದ. ರೈಲು ಅಳ್ನಾವರ ದಾಟಿ, ಕಾಡು ಹೊಕ್ಕು, ಘಟ್ಟ ಇಳಿಯುವಾಗ ಹಾಲಿನಂಥ ಜಲಪಾತ ಬಂತು. ಡಬ್ಬಿಯ ಜನರೆಲ್ಲ ಒಂದೇ ಕಡೆಗೆ ನುಗ್ಗಿದರು. ಅವ್ವ ಈ ಕಡೆ, ಪಾಯಖಾನೆಯ ಬಾಜೂಕ್ಕೆ, ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು.

ಪಣಜಿ ಮುಟ್ಟಿದ ಮೇಲೆ ಒಂದು ಛತ್ರದಲ್ಲಿ ಇಳಿದೆವು. "ನೀ ಅಡಗಿ ಮಾಡಿಡು, ನಾವು ನೋಡಿ ಬರ್ತೀವಿ" ಎಂದ ದೊಡ್ಡಪ್ಪ. ನಾನೂ ಅವ್ವನ ಜೊತೆ ಇರುತ್ತೇನೆ ಎಂದು ಕೂತರೆ ರಟ್ಟೆ ಹಿಡಿದು ಎಳೆದೊಯ್ದ. ನಾನು ನನ್ನ ಜೀವನದ ಮೊದಲ ಸಮುದ್ರವನ್ನು ಹಲ್ಲು ಕಚ್ಚಿಕೊಂಡು ನೋಡಿದೆ. ಮರುದಿನ ಅವ್ವನನ್ನು ಕರೆದೊಯ್ಯುತ್ತಾನೆ ಎಂದುಕೊಂಡಿದ್ದೆ. ಮರುದಿನವೂ ಅಡುಗೆ, ಅದರ ಮರುದಿನ ರೈಲು. "ಸ್ಟೋ ಆರಿಸಿದಾಗ ನೀರಿನ ಸಪ್ಪಳ ಕೇಳತಿತ್ತು" ಎಂದು ಅವ್ವ ದಾರಿಯಲ್ಲಿ ಹೇಳಿದಳು. ಅವಳಿಗೆ ದೊರೆತ ಸಮುದ್ರ ಅಷ್ಟೇ.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಸಮುದ್ರ ಹೇಗಿತ್ತು ಎಂದು ಅವ್ವನನ್ನು ಕೇಳಿದರು. ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪ ನಕ್ಕು, "ಆಕೀನ್ನ ಏನ್ ಕೇಳ್ತೀರಿ? ಒಲಿ ಎಲ್ಲಿದ್ರೂ ಒಂದ" ಎಂದ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆ ನಗು ನೋಡಿ ಈ ದೊಡ್ಡಪ್ಪನನ್ನು ಒಂದು ದಿನ ಇದೇ ಟ್ರಂಕಿನ ಮೇಲೆ ಕೂರಿಸದಿದ್ದರೆ ನಾನು ನನ್ನ ಅಪ್ಪನ ಮಗಳೇ ಅಲ್ಲ ಎಂದುಕೊಂಡೆ. ಸಿಟ್ಟು ಆರುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ನನ್ನದು ಆರಲಿಲ್ಲ, ಆರಲು ನಾನು ಬಿಡಲೂ ಇಲ್ಲ.

ಟಿ.ಸಿ.ಎಚ್. ಮುಗಿಸಿದೆ. ಕಲಘಟಗಿ ತಾಲ್ಲೂಕಿನ ತಂಬೂರಿನ ಶಾಲೆಯಲ್ಲಿ ಅಕ್ಕೋರಾದೆ. ನಾಲ್ಕು ಕಾಸು ಕೂಡುತ್ತಲೇ ಹುಬ್ಬಳ್ಳಿಗೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದೆ ಅರಿವೆ ಅಂಗಡಿಯ ಮಾಳಿಗೆಯ ಮೇಲಿದ್ದ ಏಜೆಂಟರನ್ನು ಹುಡುಕಿದೆ. ಎಲೆ ಅಡಿಕೆ ಜಗಿಯುವ, ಮೆಲ್ಲಗೆ ಮಾತಾಡುವ ಮನುಷ್ಯ. ಅವರ ಯಾತ್ರೆಯಲ್ಲಿ ಪಣಜಿವರೆಗೆ ಬಸ್ಸು, ಅಲ್ಲಿಂದ ಮುಂಬಯಿಗೆ ಹಡಗು, ಹಗಲೆಲ್ಲ ನೀರಿನ ಮೇಲೆ.

"ಊಟ ನಮ್ದ ರೀ. ನಮ್ಮ ಭಟ್ಟ್ರು ಸಂಗಾಟನ ಬರ್ತಾರ. ಒಬ್ಬೊಬ್ಬರಿಗೆ ಒಂದ ಚೀಲ. ಅದಕ್ಕಿಂತ ಹೆಚ್ಚಿಗಿ ತಂದ್ರ, ತಂದವರ ಅದರ ಮುಂದ ಕೂತು ಕಾಯಬೇಕ್ರಿ" ಎಂದರು.

ಕೊನೆಯ ಮಾತು ಕಿವಿಗೆ ಬಿದ್ದದ್ದೇ ನನಗೆ ದೊಡ್ಡಪ್ಪನ ಟ್ರಂಕು ನೆನಪಾಯಿತು. ಅವ್ವನಿಗೂ ನನಗೂ ಎಂದು ಹೋದವಳು ಮೂರು ಜಾಗ ಹಿಡಿಸಿ ಬಂದೆ.

ದೊಡ್ಡಪ್ಪನನ್ನು ಹೊರಡಿಸುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಜನ ಇದ್ದಾಗ ಹೋಗಿ, "ನೀವಿಲ್ದ ನಾವಿಬ್ರು ಹೆಣ್ಮಕ್ಳು ಹೆಂಗ ಹೋಗೂಣ್ರಿ?" ಎಂದೆ. ಮೀಸೆ ತೀಡಿಕೊಂಡು ಒಪ್ಪಿದ. ಏಜೆಂಟರ ಊಟ ಹೇಗಿರುತ್ತದೋ ಏನೋ ಎಂದು ಒಂದು ಮಾತು ಸೇರಿಸಿದೆ. "ಅವರ ಊಟ ಯಾವ ಮಗಾ ಉಣ್ತಾನ? ಸ್ಟೋ ತಗೊಂಡ್ರಾತು, ನಿಮ್ಮವ್ವ ಇದ್ದಾಳಲ್ಲ" ಎಂದ. ಚೀಲದ ವಿಷಯ ನಾನು ಅವನಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ.

ಪಣಜಿಯ ಧಕ್ಕೆಯಲ್ಲಿ ಹಡಗು ನಿಂತಿತ್ತು. ಒಳಗೆ ಹೋದ ಮೇಲೆ ಏಜೆಂಟರು ಸಾಮಾನನ್ನೆಲ್ಲ ಕೆಳಗಿನ ಅಂತಸ್ತಿನಲ್ಲಿ ಇಡಿಸಿದರು. ಅಲ್ಲಿ ಎಣ್ಣೆಯ ವಾಸನೆ, ಯಂತ್ರದ ಗದ್ದಲ, ಒಂದು ಕಿಟಕಿಯೂ ಇಲ್ಲ. "ಮ್ಯಾಲೆ ಹೋಗೂಣ್ರಿ ಎಲ್ಲಾರೂ" ಎನ್ನುತ್ತ ಹೊರಟವರು ದೊಡ್ಡಪ್ಪನ ಟ್ರಂಕು ನೋಡಿ ನಿಂತರು.

"ಇದು ಯಾರದ್ರಿ?"

"ನಮ್ದ. ಆಕಿ ಕೂಡ್ತಾಳ ಬಿಡ್ರಿ, ರೂಢಿ ಐತಿ" ಎಂದು ದೊಡ್ಡಪ್ಪ ಅವ್ವನ ಕಡೆ ಗದ್ದ ಎತ್ತಿ ತೋರಿಸಿದ.

ನನ್ನ ಅವ್ವ, ಯಾರೂ ಒತ್ತಾಯ ಮಾಡದೆ, ಸೆರಗು ಸರಿಮಾಡಿಕೊಂಡು ಟ್ರಂಕಿನ ಮೇಲೆ ಕೂತೇಬಿಟ್ಟಳು. ಇಷ್ಟು ವರ್ಷ ಕಾದದ್ದೆಲ್ಲ ನೀರಲ್ಲಿ ಹೋಮವಾಯಿತು ಎಂದುಕೊಂಡೆ.

ಏಜೆಂಟರು ಮುಚ್ಚಳದ ಮೇಲಿನ ಬಿಳಿ ಅಕ್ಷರ ಓದಿದರು. ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ, "ಅಮ್ಮಾರ, ಏಳ್ರಿ. ನಿಮ್ಮದು ಒಂದ ಚೀಲ, ಅಲ್ಲೈತಿ. ಟ್ರಂಕು ಇವರ ಹೆಸರಿನಾಗ ಐತಿ, ಇವರ ಕೂಡಬೇಕ್ರಿ" ಎಂದರು. ದೊಡ್ಡಪ್ಪ ದನಿ ಏರಿಸಿದ. ಏಜೆಂಟರು ಏರಿಸಲಿಲ್ಲ. "ಎಲ್ಲಾರಿಗೂ ಒಂದ ಕಾಯಿದೆ ರೀ. ಬ್ಯಾಡಂದ್ರ ಬಿಟ್ಟು ಬರ್ರಿ, ಕಳುವಾಗಿ ಹೋದ್ರ ನಾ ಜವಾಬ್ದಾರಿ ಅಲ್ಲ" ಎಂದರು. ಅಲ್ಲಿದ್ದವರೆಲ್ಲ ನೋಡುತ್ತಿದ್ದರು. ದೊಡ್ಡಪ್ಪ ಗೋವಾದ ಕಳ್ಳರನ್ನು ನೆನೆದನೋ ಏನೋ, ಮುಖ ಗಂಟು ಹಾಕಿಕೊಂಡು ತನ್ನ ಹೆಸರಿನ ಮೇಲೆ ತಾನೇ ಕೂತ. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಮೊದಲ ಪಗಾರ ಕೈಗೆ ಬಂದ ದಿನವೂ ಅಷ್ಟಾಗಿರಲಿಲ್ಲ.

ಮೇಲಿನ ಅಂತಸ್ತಿನಲ್ಲಿ ಅವ್ವ ಅಂಚಿನ ಕಟಾಂಜನ ಹಿಡಿದು ನಿಂತಳು. ಹಡಗು ಹೊಳೆಯ ಬಾಯಿ ದಾಟಿತು. ಆಚೆ ದಂಡೆ ಇಲ್ಲದ ನೀರು ಬಂತು. ಅವ್ವ ಅದರ ಮೇಲೆ ಕಣ್ಣಾಡಿಸಿ, "ಇಷ್ಟ ನೀರ ಇಲ್ಲಿ ಇಟಗೊಂಡು, ನಮ್ಮ ಕಡೆ ನಾಲ್ಕ ಹನಿ ಕೊಡಾಕ ಹಿಂದ ಮುಂದ ನೋಡ್ತಾನಲ್ಲ ಆ ದೇವರು" ಎಂದು ಬೈದಳು. ಮಧ್ಯಾಹ್ನ ಭಟ್ಟರು ತಾಟು ಕೊಟ್ಟು, "ಇನ್ನೊಂದು ಹಾಕ್ಲ್ಯಾ ಅಮ್ಮಾರ?" ಎಂದರೆ ಅವ್ವ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳುತ್ತಿದ್ದಾರೆ ಎಂದು.

ಊಟದ ನಂತರ ಏಜೆಂಟರು ಬಂದು, ಕೆಳಗೆ ಕೂತ ಯಜಮಾನರಿಗೆ ಶೆಕೆಯಾಗಿದೆಯಂತೆ, ಹಸಿವೂ ಆಗಿದೆಯಂತೆ, ನಮ್ಮ ಊಟ ಬೇಡವಂತೆ, ಮನೆಯವರನ್ನು ಕಳಿಸಿರಿ ಅಂತಿದ್ದಾರೆ ಎಂದರು. ನನ್ನ ಮನಸ್ಸು ಸ್ವಲ್ಪ ಸಡಿಲಾಯಿತು. ಎಷ್ಟೆಂದರೂ ವಯಸ್ಸಾದವನು. ನಾನೇ ಹೋಗಿ ಕೂರಲೇ ಎಂದು ಅವ್ವನನ್ನು ಕೇಳಿದೆ. ಅವ್ವ ತಾನೇ ಮೆಟ್ಟಿಲು ಇಳಿದಳು. ರೂಢಿ ಎಲ್ಲಿಗೆ ಹೋಗುತ್ತದೆ, ಇನ್ನು ಮೇಲಕ್ಕೆ ಬರುವುದಿಲ್ಲ ಇವಳು ಎಂದು ಹೆದರಿ ನಾನೂ ಹಿಂದೆ ಓಡಿದೆ.

ಅವ್ವನನ್ನು ನೋಡಿದ್ದೇ ದೊಡ್ಡಪ್ಪ ಎದ್ದು, ಧೋತರ ಝಾಡಿಸಿ, ಜಾಗ ಬಿಟ್ಟ. ಅವ್ವ ಕೂಡಲಿಲ್ಲ. ಬಾಗಿ ಟ್ರಂಕಿನ ಚಿಲಕ ತೆಗೆದಳು, ಮುಚ್ಚಳ ಎತ್ತಿದಳು. ಜೀವಮಾನದಲ್ಲೇ ಮೊದಲ ಸಲ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಹಿಟ್ಟೈತಿ, ಸ್ಟೋ ಐತಿ. ಹಸಿವಾಗಿದ್ರ ಮಾಡ್ಕೊಂಡ ಉಣ್ರಿ" ಎಂದಳು.