ಬೆಣ್ಣಿಹಳ್ಳದ ನಡುವೆ ನಿಂತ ಮನೆ

ಬೆಂಗೇರಿಯಲ್ಲಿ ನಮ್ಮ ಪಕ್ಕದ ಮನೆಯವಳಾಗಿದ್ದ ಸತ್ಯವ್ವ ಇದನ್ನು ನನಗೆ ಒಂದೇ ಸಲ ಕೂತು ಹೇಳಿದವಳಲ್ಲ. ಅಕ್ಕಿ ಆರಿಸುವಾಗ ಸ್ವಲ್ಪ, ಸ್ಟೋವಿನ ಪಿನ್ನು ಹಾಕುವಾಗ ಸ್ವಲ್ಪ ಹೇಳುತ್ತಿದ್ದಳು. ಹಳ್ಳದ ಮಾತು ಬಂದಾಗ ಮಾತ್ರ ಕೈಯ ಕೆಲಸ ನಿಲ್ಲಿಸಿ ಹೇಳುತ್ತಿದ್ದಳು.

ಅವಳ ಗಂಡ ಉಡಚಪ್ಪ ಸರಕಾರಿ ನೌಕರ. ನವಲಗುಂದದ ಕಡೆಯ ಹಳ್ಳಿಗಳಲ್ಲಿ ಸಿಡುಬಿನ ಲಸಿಕೆ ಹಾಕುವುದು ಅವನ ಕೆಲಸ. ಸಿಡುಬಿಗೆ ‘ದೇವಿ’ ಎನ್ನುವ ಮಂದಿ ಅವನನ್ನು ‘ದೇವಿ ಹಾಕವ’ ಎಂದು ಕರೆಯುತ್ತಿದ್ದರು. ಒಂದು ಊರಿನಲ್ಲಿ ಎರಡು ತಿಂಗಳು ಇದ್ದು, ಸುತ್ತಲಿನ ಐದಾರು ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗಿಬಂದು, ಆಮೇಲೆ ಮುಂದಿನ ಊರಿಗೆ ಗಂಟುಮೂಟೆ ಕಟ್ಟಬೇಕು. ಕೆಲಸ ಕಷ್ಟದ್ದೇನಲ್ಲ. ಇರಲು ಜಾಗ ಸಿಗುವುದೇ ಕಷ್ಟ.

1961ರ ಮಳೆಗಾಲದಲ್ಲಿ ಒಂದು ಊರಿಗೆ ಹೋದಾಗ ಮನೆಯೊಂದು ಖಾಲಿ ಇತ್ತು. ಮಾಲಕ ಬೀಗದ ಕೈ ಹಿಡಿದುಕೊಂಡೇ ಬಂದ. ಬಾಗಿಲು ತೆಗೆಯುವ ಮುಂಚೆ ಕೇಳಿದ: “ನಿಮ್ಮ ಮಂದಿ ಯಾರ್ರಿ?”

ಉಡಚಪ್ಪ ಸುಳ್ಳು ಹೇಳುವವನಲ್ಲ. ನಾಲ್ಕು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದನ್ನು ಹೇಳಿದ. ಅದಕ್ಕೂ ಮುಂಚೆ ಯಾವ ಕೇರಿಯವರು ಎಂದು ಕೇಳಿದಾಗ ಅದನ್ನೂ ಹೇಳಿದ. ಬೀಗದ ಕೈ ಕಿಸೆಗೆ ಹೋಯಿತು.

“ತಪ್ಪ ತಿಳಕೋಬ್ಯಾಡ್ರಿ. ನಮ್ಮ ತಮ್ಮ ಬರಾವ ಅದಾನ, ನನಗ ಮರತ ಹೋಗಿತ್ತು.”

ಆ ವರ್ಷ ಹೀಗೆ ಮನೆ ಸಿಗದ ಮೂರನೆಯ ಊರು ಅದು. ಸಾಲಿಯ ಕಟ್ಟೆಯ ಮೇಲೆ ಎರಡು ದಿನ ಕಳೆದರು. ಮಳೆಯ ಇರಿಚಲಿಗೆ ಟ್ರಂಕಿನೊಳಗಿನ ಅರಿವೆಯೆಲ್ಲ ತೊಯ್ದವು. ಸೋಮವಾರ ಸಾಲಿ ತೆರೆದಾಗ ಹೆಡ್ಮಾಸ್ತರರು ಮುಖ ನೋಡದೆ, “ಹುಡುಗೂರು ಬರ್ತಾವ್ರಿ” ಎಂದರು. ಸತ್ಯವ್ವ ಟ್ರಂಕು ಎತ್ತಿಕೊಂಡಳು. ಬಸ್ಸಿನಲ್ಲಿ ಕೂತಾಗ ಗಂಡನಿಗೆ ಹೇಳಿದಳು: “ಇನ್ನ ಯಾರ ಬಾಗಿಲಿಗೂ ಹೋಗೂದು ಬ್ಯಾಡ್ರಿ. ನಮ್ಮ ಮನಿ ನಾವ ತಗೊಂಡ ತಿರಗೂಣು.”

ಅದು ಸಿಟ್ಟಿನಲ್ಲಿ ಆಡಿದ ಮಾತು ಎಂದು ಉಡಚಪ್ಪ ತಿಳಿದ. ಆದರೆ ಅವಳ ಮನಸ್ಸಿನಲ್ಲಿ ಒಂದು ಗಾಡಿ ಇತ್ತು.

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಕಾಸಿಮಸಾಬ ಎಂಬ ಮಿಸ್ತ್ರಿಯ ಗ್ಯಾರೇಜಿತ್ತು. ಸತ್ಯವ್ವನ ತಂದೆ ಮೈಲಾರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿದ್ದ. ಇಬ್ಬರೂ ಹಳೆಯ ಗೆಳೆಯರು. ಆ ಗ್ಯಾರೇಜಿನ ಹಿತ್ತಲಲ್ಲಿ ಯುದ್ಧದ ಕಾಲದ ಮಿಲಿಟರಿ ಆಂಬುಲೆನ್ಸ್ ಒಂದು ಬಿದ್ದಿತ್ತು. ಯಾವುದೋ ನಾಟಕ ಕಂಪನಿ ಪರದೆ ಸಾಗಿಸಲು ಕೊಂಡು, ಕಂಪನಿ ಮುಳುಗಿದ ಮೇಲೆ ಅಲ್ಲೇ ಬಿಟ್ಟುಹೋಗಿತ್ತು. ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

“ಇದನ್ನ ತಗೊಂಡ ಏನ್ ಮಾಡ್ತಿ ತಂಗೀ?” ಕಾಸಿಮಸಾಬ ಕೇಳಿದ.

“ಸಂಸಾರ ಮಾಡ್ತೇನಿ ಕಾಕಾ.”

ಕಾಸಿಮಸಾಬ ನಗಲಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, “ಗುಜರಿಗಿ ಹಾಕೂ ಮಾಲು. ಒಯ್ಯಿ. ಆದ್ರ ಒಂದ ಮಾತು. ನಾ ರಿಪೇರಿ ಮಾಡಿ ಕೊಡಂಗಿಲ್ಲ. ನೀವಿಬ್ಬರೂ ಕಲೀಬೇಕು. ಅಡವ್ಯಾಗ ನಿಂತ್ರ ನಾ ಬರಾಕ ಆಗಂಗಿಲ್ಲ” ಎಂದ.

ಎಂಟು ತಿಂಗಳು ಪ್ರತಿ ರವಿವಾರ ಗಂಡಹೆಂಡತಿ ಆ ಹಿತ್ತಲಿಗೆ ಬಂದರು. ಉಡಚಪ್ಪ ಗಾಡಿ ಹೊಡೆಯುವುದನ್ನು ಕಲಿತು ಲೈಸನ್ಸ್ ಮಾಡಿಸಿದ. ಆದರೆ ಎಂಜಿನ್ನಿನ ಮುಂದೆ ನಿಂತರೆ ಅವನಿಗೆ ಒಳಗೊಳಗೇ ಅಂಜಿಕೆ. ಸತ್ಯವ್ವ ಸೀರೆ ಎತ್ತಿ ಕಟ್ಟಿಕೊಂಡು ಗಾಡಿಯ ಕೆಳಗೆ ನುಗ್ಗುತ್ತಿದ್ದಳು. ಆಯಿಲ್ ಇಳಿಸುವುದು, ಬ್ರೇಕು ಬಿಗಿಯುವುದು, ಪ್ಲಗ್ಗಿನ ಕರಿ ಕೆರೆದು ಸಂದು ನೋಡುವುದು ಅವಳ ಪಾಲಿಗೆ ಬಂತು. ರೇಡಿಯೇಟರು ಸೋರಿದರೆ ಒಂದು ಹಿಡಿ ಅರಿಸಿನಪುಡಿ ಸುರಿಯಬೇಕೆಂದು ಕಲಿತಳು. ರೋಗಿಗಳನ್ನು ಮಲಗಿಸುವ ಕಬ್ಬಿಣದ ಚೌಕಟ್ಟುಗಳು ಒಂದು ಕಡೆ ಮಂಚವಾದವು, ಇನ್ನೊಂದು ಕಡೆ ಪಾತ್ರೆ ಇಡುವ ಹಲಗೆಯಾದವು. ಸೋರುವ ಮಾಳಿಗೆಗೆ ಡಾಂಬರು ಬಳಿದರು. ಡ್ರೈವರನ ಸೀಟಿನ ಬೆನ್ನಿಗೆ ತಗಡಿನ ಗೂಡು ಕಟ್ಟಿ ಅಡಿಗೆಗೆ ಜಾಗ ಮಾಡಿದರು.

ಅಲ್ಲೇ ಎಡವಿದ್ದು. ಗೂಡು ಮುಗಿದ ದಿನ ಸತ್ಯವ್ವ ಸ್ಟೋವ್ ಇಟ್ಟು, ಚಹಾ ಮಾಡಲೆಂದು ಕಡ್ಡಿಪೆಟ್ಟಿಗೆ ತೆಗೆದಳು. ಗೀರಬೇಕು, ಅಷ್ಟರಲ್ಲಿ ಕಾಸಿಮಸಾಬ ಹಿಂದಿನಿಂದ ನುಗ್ಗಿ ಅವಳ ಮುಂಗೈ ಹಿಡಿದ. ಹಿಡಿದ ರಭಸಕ್ಕೆ ಬಳೆ ಒಡೆದು ರಕ್ತ ಬಂತು.

“ಮೂಗು ಐತ್ಯೋ ಇಲ್ಲೋ ನಿನಗ?”

ಆಗ ಅವಳಿಗೆ ವಾಸನೆ ಬಂತು. ಸೀಟಿನ ಕೆಳಗೇ ಪೆಟ್ರೋಲ್ ಟಾಕಿ. ಅದರ ನಳಿಗೆ ಸೇರುವಲ್ಲಿ ಹನಿ ಹನಿಯಾಗಿ ಸೋರಿ, ಗೂಡಿನ ಬುಡದ ಹಲಗೆ ಒದ್ದೆಯಾಗಿತ್ತು. ಕಾಸಿಮಸಾಬ ಕಡ್ಡಿಪೆಟ್ಟಿಗೆ ಕಸಿದು ಓಣಿಯ ಆಚೆ ಎಸೆದ. “ನೀ ಅಷ್ಟ ಅಲ್ಲವ್ವಾ, ಇಡೀ ಓಣಿ ಹೊತ್ತಿ ಉರೀತಿತ್ತು” ಎಂದ. ಗೂಡನ್ನು ಅಂದೇ ಕಿತ್ತರು. ಹಿಂಬಾಗಿಲಿಗೆ ಹೊರಕ್ಕೆ ಮಡಿಚುವ ಹಲಗೆ ಜೋಡಿಸಿದರು. ಗಾಡಿಯೊಳಗೆ ಬೆಂಕಿ ಹಚ್ಚುವುದಿಲ್ಲ ಎಂದು ಸತ್ಯವ್ವ ಗಂಡನಿಂದಲೂ ಮಾತು ತೆಗೆದುಕೊಂಡಳು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೆ ನಳಿಗೆಯ ಜೋಡಣೆಗಳನ್ನು ಮೂಸಿ ನೋಡುವುದು ಅವಳ ಮೊದಲ ಕೆಲಸವಾಯಿತು.

1962ರ ಬೇಸಿಗೆಯಲ್ಲಿ ಗಾಡಿ ಹುಬ್ಬಳ್ಳಿ ಬಿಟ್ಟಿತು. ಎರಡು ತಿಂಗಳಿಗೊಮ್ಮೆ ಓಡುವುದು, ಉಳಿದಂತೆ ಊರ ಹೊರಗಿನ ಗಿಡದ ಕೆಳಗೆ ನಿಲ್ಲುವುದು. ಯಾರೂ ಬೀಗದ ಕೈ ತೋರಿಸಿ ಕಿಸೆಗೆ ಇಡಲಿಲ್ಲ.

ಅಕ್ಟೋಬರಿನಲ್ಲಿ ಬೆಣ್ಣಿಹಳ್ಳದ ಆಚೆಯ ಊರಿನಿಂದ ಸುದ್ದಿ ಬಂತು. ಮೂರು ಮಕ್ಕಳಿಗೆ ಸಿಡುಬು ಎದ್ದಿತ್ತು. ಉಡಚಪ್ಪ ಹುಬ್ಬಳ್ಳಿಗೆ ಹೋಗಿ, ಕಟ್ಟಿಗೆಪುಡಿಯಲ್ಲಿ ಬರ್ಫದ ಗಡ್ಡೆ ತುಂಬಿದ ಡಬ್ಬಿಯಲ್ಲಿ ಲಸಿಕೆ ತಂದ. ಬರ್ಫ ಸಂಜೆಯವರೆಗೆ ಬಾಳಿದರೆ ಹೆಚ್ಚು. ಸುತ್ತಿ ಹೋಗುವ ದಾರಿ ಮಳೆಗೆ ಕೊಚ್ಚಿಹೋಗಿತ್ತು. ಉಳಿದದ್ದು ಹಳ್ಳ ದಾಟುವ ಗಾಡಿದಾರಿ.

ಮಧ್ಯಾಹ್ನ ಹನ್ನೆರಡರ ಹೊತ್ತು. ತಲೆಯ ಮೇಲೆ ಬಿಸಿಲಿತ್ತು. ದಕ್ಷಿಣಕ್ಕೆ, ಹಳ್ಳ ಹರಿದು ಬರುವ ಹುಬ್ಬಳ್ಳಿಯ ಕಡೆ ಮಾತ್ರ ಆಕಾಶ ಕಪ್ಪಾಗಿತ್ತು. ಉಡಚಪ್ಪ ಬಡಿಗೆ ಊರುತ್ತ ಹಳ್ಳ ದಾಟಿ, ತಿರುಗಿ ಬಂದ. “ಮೊಣಕಾಲಿಗೂ ಇಲ್ಲ. ಹೋಗೂಣು” ಎಂದ.

ನಡುವೆ ತಲುಪಿದಾಗ ಅವನು ಅಂಜಿಕೆಯಿಂದ ಎಂಜಿನ್ನಿನ ಜೋರು ಹೆಚ್ಚಿಸಿದ. ಮುಂದಿನ ಪಂಖಾ ನೀರನ್ನು ಎತ್ತಿ ಎಂಜಿನ್ ಮೇಲೆಲ್ಲ ಚಿಮ್ಮಿತು. ಎರಡು ಸಲ ಕೆಮ್ಮಿ ಎಂಜಿನ್ ನಿಂತುಹೋಯಿತು. ನೀರು ಗಾಲಿಗೆ ಬಡಿಯುವ ಸಪ್ಪಳ ಒಂದೇ ಕೇಳಿಸತೊಡಗಿತು.

“ಗೇರಿನ್ಯಾಗ ಹಾಕಿ ಸೆಲ್ಫ್ ಒತ್ರಿ” ಎಂದಳು ಸತ್ಯವ್ವ. ಬ್ಯಾಟರಿಯ ಬಲದಲ್ಲೇ ಗಾಡಿ ಜಗ್ಗಿ ಜಗ್ಗಿ ಎರಡು ಮೊಳ ಸರಿಯಿತು. ಮೂರನೆಯ ಸಲ ಬ್ಯಾಟರಿಯೂ ಸತ್ತಿತು. ಹಿಂದಿನ ಗಾಲಿಗಳು ಎರೆಮಣ್ಣಿನಲ್ಲಿ ಕುಸಿಯುತ್ತಿದ್ದವು. ಆಚೆ ದಂಡೆ ಹತ್ತು ಮೊಳ ದೂರ.

ಸತ್ಯವ್ವ ಕೆಳಗಿಳಿದು ನೀರು ನೋಡಿದಳು. ಬರುವಾಗ ತಿಳಿಯಾಗಿದ್ದದ್ದು ಈಗ ಕೆಂಪಾಗಿತ್ತು. ನೊರೆ, ಕಸಕಡ್ಡಿ, ಒಂದು ಹಸಿ ಟೊಂಗೆ ತೇಲಿಬಂದವು.

ದಂಡೆಯ ಮೇಲೆ ಮುದುಕಿಯೊಬ್ಬಳು ಜೋಳದ ದಂಟಿನ ಕಣಿಕೆಯ ಹೊರೆ ಹೊತ್ತು ನಿಂತಿದ್ದಳು. ಅವಳು ಹನುಮವ್ವ, ಆ ಊರಿನವಳೇ. ಹೊರೆಯನ್ನು ಕೆಳಗೆ ಚೆಲ್ಲಿ ಎರಡೂ ಕೈ ಎತ್ತಿ ಕೂಗಿದಳು: “ಹಳ್ಳ ಬರಾಕತ್ತೇತಿ! ಗಾಡಿ ಬಿಟ್ಟ ಬರ್ರೋ ಯಪ್ಪಾ!”

“ಇಳಿ, ನಡೀ” ಎಂದ ಉಡಚಪ್ಪ, ಡಬ್ಬಿ ಎದೆಗೆ ಅವಚಿಕೊಂಡು.

“ನೀವು ಡಬ್ಬಿ ದಾಟಿಸಿ ಬರ್ರಿ. ನಾ ಇಲ್ಲೇ ಇರ್ತೇನಿ.”

“ಹುಚ್ಚಿ ಅದಿ ಏನು? ಜೀವಕ್ಕಿಂತ ಹೆಚ್ಚೇನ ಈ ತಗಡು?”

“ಇದು ಹೋದ್ರ ನಾಳಿ ಎಲ್ಲಿ ಮಲಗೂದ್ರಿ? ಹೇಳ್ರಿ.”

ಉಡಚಪ್ಪ ಡಬ್ಬಿಯನ್ನು ತಲೆಯ ಮೇಲೆ ಹೊತ್ತ. ತೊಡೆಮಟ್ಟದ ನೀರಿನಲ್ಲಿ ಓಡುತ್ತ ಹೋಗಿ, ಡಬ್ಬಿಯನ್ನು ಹನುಮವ್ವನ ಕೈಗೆ ಕೊಟ್ಟು, “ಆಯೀ, ನೆರಳಾಗ ಇಡ್ರಿ, ಇದರಾಗ ಹುಡುಗೂರ ಔಷಧ ಐತಿ” ಎಂದು ತಿರುಗಿ ಬಂದ.

ಅಷ್ಟರಲ್ಲಿ ಸತ್ಯವ್ವ ಬಾನೆಟ್ ಎತ್ತಿ ಪ್ಲಗ್ಗುಗಳನ್ನು ಬಿಚ್ಚುತ್ತಿದ್ದಳು. ಕಾದ ಪ್ಲಗ್ಗುಗಳು ಬೆರಳು ಸುಟ್ಟವು. ಸೆರಗು ಸುತ್ತಿಕೊಂಡು ಬಿಚ್ಚಿದಳು. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಒರೆಸುವಾಗ ಅವಳು ಒಂದು ಸಂಗತಿ ಗಮನಿಸಿದ್ದಳು. ಪ್ಲಗ್ ಇಲ್ಲದಾಗ ಎಂಜಿನ್ ತಿರುಗಿಸುವ ಮುಂದಿನ ಹ್ಯಾಂಡಲ್ ಬಾವಿಯ ಗಡಗಡಿಯಂತೆ ಹಗುರಾಗಿ ತಿರುಗುತ್ತಿತ್ತು. ಗೇರಿನಲ್ಲಿಟ್ಟು ತಿರುಗಿಸಿದರೆ ಗಾಲಿಯೂ ತಿರುಗಲೇಬೇಕಲ್ಲ? ಯಾರೂ ಹೇಳಿಕೊಟ್ಟದ್ದಲ್ಲ. ನಿಜವೋ ಸುಳ್ಳೋ ನೋಡಿದವಳೂ ಅಲ್ಲ.

“ಹ್ಯಾಂಡಲ್ ಹೊಡೀರಿ. ನಾ ಸ್ಟೇರಿಂಗ್ ಹಿಡೀತೇನಿ.”

ಉಡಚಪ್ಪ ಗಾಡಿಯ ಮುಂದೆ ಬಗ್ಗಿದ. ನೀರು ಗದ್ದಕ್ಕೆ ತಾಗುತ್ತಿತ್ತು. ಮೈಯೆಲ್ಲ ಬಲ ಹಾಕಿ ಒಂದು ಸುತ್ತು ತಿರುಗಿಸಿದ. ಗಾಡಿ ನಾಲ್ಕು ಬೆರಳು ಮುಂದೆ ಬಂತು.

“ಬಂತು! ಹೊಡೀರಿ!”

ಮತ್ತೊಂದು ಸುತ್ತು, ಮತ್ತೆ ನಾಲ್ಕು ಬೆರಳು. ಗಾಡಿ ಹತ್ತುವ ಪಾವಟಿಗೆ ಮುಳುಗಿತು. ಹತ್ತು ಸುತ್ತು, ಇಪ್ಪತ್ತು ಸುತ್ತು. ಹಿಂದೆ ಮನೆಯೊಳಗೆ ನೀರು ನುಗ್ಗಿ ಹಿಟ್ಟಿನ ಡಬ್ಬಿ ತಗಡಿಗೆ ಬಡಿಯುವುದು ಸತ್ಯವ್ವನಿಗೆ ಕೇಳಿಸುತ್ತಿತ್ತು. ಒಮ್ಮೆಲೆ ಗಾಡಿಯ ಹಿಂಭಾಗ ಹಗುರಾಗಿ, ಗೇಣಿನಷ್ಟು ಪಕ್ಕಕ್ಕೆ ಸರಿಯಿತು. ಅವಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಳು. ಕೂಗಲಿಲ್ಲ. ಕೂಗಿದರೆ ಅವನು ಹ್ಯಾಂಡಲ್ ಬಿಟ್ಟಾನು ಎಂದು ಹಲ್ಲು ಕಚ್ಚಿ ಕೂತಳು.

ಉಡಚಪ್ಪನ ಭುಜ ಸೋತಿತು. ಅವಳು ಇಳಿದು ಅವನನ್ನು ಸೀಟಿಗೆ ದೂಡಿ ತಾನೇ ಹ್ಯಾಂಡಲ್ ಹಿಡಿದಳು. ಅವಳ ಬಲಕ್ಕೆ ಅರ್ಧ ಸುತ್ತೇ ಆಗುತ್ತಿತ್ತು. ಗಾಲಿ ಕೆಸರಿನಲ್ಲಿ ಜಾರತೊಡಗಿತು.

ದಂಡೆಯ ಮೇಲೆ ಈಗ ಏಳೆಂಟು ಗಂಡಸರು ಬಂದು ನಿಂತಿದ್ದರು. ಗಾಡಿ ಯಾರದು ಎಂದು ಅವರಿಗೆ ಗೊತ್ತಿತ್ತು. ಯಾರೂ ಇಳಿಯಲಿಲ್ಲ. ಹನುಮವ್ವ ಅವರ ಕಡೆಗೊಮ್ಮೆ, ಹಳ್ಳದ ಕಡೆಗೊಮ್ಮೆ ನೋಡಿದಳು. ಕಣಿಕೆಯ ಹೊರೆಯನ್ನು ಎಳೆದುಕೊಂಡು ತಾನೇ ನೀರಿಗಿಳಿದಳು. ಹಿಂದಿನ ಗಾಲಿಯ ಮುಂದೆ ಕಣಿಕೆ ತುರುಕಿ ಕಾಲಿನಿಂದ ತುಳಿದು ಒತ್ತಿದಳು.

“ನನ್ನ ಮೊಮ್ಮಗ ಹಾಸಿಗಿ ಹಿಡದಾನ. ನಿಮ್ಮ ಮನ್ಯಾಗ ಹುಡುಗೂರಿಲ್ಲೇನ್ರೋ? ಯಾರ ಸಲುವಾಗಿ ಬಂದಾರ ಇವರು? ಹಗ್ಗಾ ತರ್ರಿ!”

ಒಬ್ಬ ಇಳಿದ. ಆಮೇಲೆ ಉಳಿದವರು. ಹಗ್ಗ ಬಂತು, ಇನ್ನೆರಡು ಹೊರೆ ಕಣಿಕೆ ಬಂತು. ಅವರು ಎಳೆಯುವುದು, ಸತ್ಯವ್ವ ತಿರುಗಿಸುವುದು. ಮುಂದಿನ ಗಾಲಿ ಕಲ್ಲಿಗೆ ಸಿಕ್ಕಿ ಹತ್ತಿತು. ಮೈಯೆಲ್ಲ ನೀರು ಸುರಿಸುತ್ತ ಗಾಡಿ ದಂಡೆ ಏರಿತು. ಅರ್ಧ ತಾಸಿನಲ್ಲಿ ಅವರು ನಿಂತಿದ್ದ ಜಾಗದಲ್ಲಿ ಎರಡಾಳು ನೀರು ಹರಿಯುತ್ತಿತ್ತು.

ಡಬ್ಬಿ ತೆರೆದಾಗ ಬರ್ಫ ಲಿಂಬಿಹಣ್ಣಿನಷ್ಟು ಉಳಿದಿತ್ತು. ಉಡಚಪ್ಪನ ಅಂಗೈ ಬೊಬ್ಬೆ ಎದ್ದು, ತೋಳು ಮೇಲೇಳದೆ, ಲಸಿಕೆಯ ಸೂಜಿ ಹಿಡಿಯಲಾಗಲಿಲ್ಲ. ಸತ್ಯವ್ವ ಅವನ ಮೊಣಕೈಯನ್ನು ತನ್ನ ಅಂಗೈಯಲ್ಲಿ ಹಿಡಿದು ನಿಂತಳು. ಹಾಗೆಯೇ ಸೂರ್ಯ ಮುಳುಗುವ ತನಕ ಇಡೀ ಊರಿಗೆ ಲಸಿಕೆ ಹಾಕಿದರು. ಮೊದಲೇ ಬೇನೆ ಹಿಡಿದ ಮೂವರು ಮಕ್ಕಳಲ್ಲಿ ಒಬ್ಬಳು ಹೋದಳು. ಹನುಮವ್ವನ ಮೊಮ್ಮಗ ಉಳಿದ. ಆಮೇಲೆ ಆ ಊರಲ್ಲಿ ಹೊಸದಾಗಿ ಯಾರಿಗೂ ಸಿಡುಬು ಏಳಲಿಲ್ಲ.

ಮರುದಿನ ಊರಗೌಡರು ಬಂದು, “ಗಾಡಿ ಒಣಗೂ ತನಕ ಚಾವಡ್ಯಾಗ ಇರ್ರಿ” ಎಂದರು. ಉಡಚಪ್ಪ ಹೆಂಡತಿಯ ಮುಖ ನೋಡಿದ. ಸತ್ಯವ್ವ, “ಹನುಮವ್ವನ ಕಟ್ಟಿ ಮ್ಯಾಲೆ ಇರ್ತೇವ್ರಿ, ಆಕಿ ಆಗಲೇ ಕರದಾಳ” ಎಂದಳು. ಹನುಮವ್ವ ಕರೆದದ್ದು ಖರೆ. ಆದರೆ ಕಟ್ಟೆಯವರೆಗೆ ಮಾತ್ರ. ಒಳಗೆ ಬಾ ಎನ್ನಲಿಲ್ಲ. ಇದನ್ನು ಹೇಳುವಾಗ ಸತ್ಯವ್ವ ಯಾರನ್ನೂ ಬೈಯುತ್ತಿರಲಿಲ್ಲ, ಆ ಮುದುಕಿಯನ್ನು ಹೊಗಳುವುದನ್ನೂ ಬಿಡುತ್ತಿರಲಿಲ್ಲ.

ಎಂಜಿನ್ನಿನ ಆಯಿಲ್ ನೀರು ಸೇರಿ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಸುದ್ದಿ ತಿಳಿದು ಕಾಸಿಮಸಾಬ ನಾಲ್ಕನೆಯ ದಿನ ಬಸ್ಸಿಳಿದು ನಡೆದು ಬಂದ. ಸತ್ಯವ್ವ ಆಗಲೇ ಆಯಿಲ್ ಇಳಿಸಿ, ತಂತಿಗಳನ್ನು ಬಿಸಿಲಿಗೆ ಹರವಿದ್ದಳು. ಅವನು ಎಲ್ಲ ನೋಡಿ, ಗಾಲಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ನೀರಿಗಿ ಇಳಿಯೂ ಮೊದಲ ಪಂಖಾದ ಪಟ್ಟಾ ಬಿಚ್ಚಬೇಕು ತಂಗೀ. ಬಿಚ್ಚಿದ್ರ ಎಂಜಿನ್ ನಿಲ್ಲತಿರಲಿಲ್ಲ. ಅದನ್ನ ನಾ ಹೇಳಲೇ ಇಲ್ಲ.”

“ಈಗ ಹೇಳಿದ್ರಲ್ಲ ಕಾಕಾ.”

“ಈಗ ಹೇಳಿ ಏನ್ ಬಂತು,” ಎಂದು ಅವನು ಹರವಿದ್ದ ತಂತಿಗಳನ್ನು ಒಂದೊಂದಾಗಿ ಒರೆಸತೊಡಗಿದ.

ಆ ಗಾಡಿ ಮುಂದೆ ಆರು ವರ್ಷ ಓಡಿತು. 1966ರಲ್ಲಿ ಸತ್ಯವ್ವನೂ ಲೈಸನ್ಸ್ ತೆಗೆಸಿದಳು. 1968ರಲ್ಲಿ ಕಲಘಟಗಿಯ ದಾರಿಯಲ್ಲಿ ಎಂಜಿನ್ ಸೀಳಿತು. ಅದೇ ವರ್ಷ ಉಡಚಪ್ಪನಿಗೆ ಹುಬ್ಬಳ್ಳಿಯ ಆಫೀಸಿಗೆ ವರ್ಗವಾಗಿ, ಬೆಂಗೇರಿಯಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿದರು. ಮೊದಲ ತಿಂಗಳು ಸತ್ಯವ್ವನಿಗೆ ಆ ಮನೆಯಲ್ಲಿ ನಿದ್ದೆ ಹತ್ತಲಿಲ್ಲವಂತೆ. ಗಂಡ ಮಗ್ಗಲು ಬದಲಿಸಿದರೆ ಗಾಡಿಯಂತೆ ಈ ಮನೆ ಅಲುಗುತ್ತಿರಲಿಲ್ಲ. ಅವನು ಪಕ್ಕದಲ್ಲಿದ್ದಾನೋ ಇಲ್ಲವೋ ಎಂದು ಅವಳು ಕೈಚಾಚಿ ಮುಟ್ಟಿ ನೋಡುತ್ತಿದ್ದಳಂತೆ.