‘ಅಡ್ಡಿ ಇಲ್ಲ’ದ ಅನ್ವಯ

ಐವತ್ತಮೂರನೆಯ ವಯಸ್ಸಿನಲ್ಲಿ ನಾನೊಂದು ಇಂಗ್ಲಿಷ್ ಕ್ರಿಯಾಪದ ಕಲಿತೆ. ಜೀವನವಿಡೀ ಕನ್ನಡ ಕಲಿಸಿದವಳಿಗೆ ಈಗೇನು ಈ ಹುಚ್ಚು ಎಂದು ಮನೆಯವರು ನಕ್ಕರು. ನಗಲಿ. ಆ ಪದದಿಂದ ನನ್ನ ಕನ್ನಡವೇ ಸುಧಾರಿಸಿತು ಅಂದರೆ ಇನ್ನೂ ನಗುತ್ತಾರೆಂದು ಸುಮ್ಮನಿದ್ದೇನೆ.

ಸಿಂದಗಿ ಹತ್ತಿರದ ನಮ್ಮ ಹೈಸ್ಕೂಲಿಗೆ ಎರಡು ವರ್ಷದ ಹಿಂದೆ ಚಾಮರಾಜನಗರದ ಕಡೆಯಿಂದ ಶಾಲಿನಿ ಎಂಬ ಇಂಗ್ಲಿಷ್ ಟೀಚರ್ ಬಂದಳು. ವಯಸ್ಸಿನಲ್ಲಿ ನನ್ನ ಮಗಳಷ್ಟು. ಪ್ರತಿ ಸೋಮವಾರ ಸ್ಟಾಫ್ ರೂಮಿನ ಹಲಗೆಯ ಮೇಲೆ ಒಂದು ಹೊಸ ಪದ ಬರೆಯುತ್ತಾಳೆ. ಮೊನ್ನೆ ಬರೆದದ್ದು ‘ಕನ್‌ಸ್ಟ್ರೂ’. ಅರ್ಧಕ್ಕೆ ನಿಂತ ಶಾಲೆಯ ಕಂಪೌಂಡ್ ಗೋಡೆಯನ್ನು ದಿನಾ ನೋಡುವ ನನಗೆ, ‘ಕನ್‌ಸ್ಟ್ರಕ್ಷನ್’ ಎಂದು ಬರೆಯಹೋಗಿ ಇವಳೂ ಅರ್ಧಕ್ಕೆ ಬಿಟ್ಟಳೇನೋ ಅನಿಸಿತು.

ಅರ್ಥ ಮಾಡಿಕೊಳ್ಳುವುದು ಅಂತಲೇನು ಎಂದು ಕೇಳಿದೆ. ಅಷ್ಟೇ ಅಲ್ಲವಂತೆ. ಎದುರಿಗಿನವರ ಮಾತು, ನಡತೆ ನೋಡಿ ನಾವಾಗಿ ಒಂದು ಅರ್ಥ ಹೊರಡಿಸುವುದಂತೆ. ಅದು ಸರಿಯೂ ಇರಬಹುದು, ತಪ್ಪೂ ಇರಬಹುದು. ನಿಘಂಟು ತೆಗೆದು ನೋಡಿದರೆ, ವಾಕ್ಯದ ಪದಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವುದು ಅದರ ಹಳೆಯ ಅರ್ಥ. ಅಯ್ಯೋ, ಇದು ನಮ್ಮ ‘ಅನ್ವಯ’ವೇ ಅಲ್ಲವೇ! ಹಲಸಂಗಿಯಲ್ಲಿ ನಮಗೆ ಹಳಗನ್ನಡ ಕಲಿಸಿದ ಮಾಸ್ತರರು ಪದ್ಯ ಓದಿಸಿದ ಕೂಡಲೇ, “ಮೊದಲ ಕ್ರಿಯಾಪದ ಹುಡುಕ್ರಿ. ಅದು ಸಿಗೂತನಕಾ ಉಳಿದ ಶಬ್ದ ನಂಬಬ್ಯಾಡ್ರಿ” ಎನ್ನುತ್ತಿದ್ದರು. ಈ ಸಂಭ್ರಮದಲ್ಲಿ ನಾನೊಂದು ಸಣ್ಣ ಭಾಷಣವನ್ನೇ ಬಿಗಿದೆ. ಶಾಲಿನಿ ಮಾತ್ರ ನಗಲಿಲ್ಲ. ಬ್ಯಾಗಿನಿಂದ ವರ್ಗಾವಣೆಯ ಅರ್ಜಿ ತೆಗೆದು ತೋರಿಸಿದಳು. ಅದನ್ನು ಕೊಡಲು ಶುಕ್ರವಾರವೇ ಕೊನೆಯ ದಿನ.

ಯಾಕೆ ಎಂದು ಕೇಳಿದ್ದಕ್ಕೆ ತನ್ನ ಪಾಠದ ಡೈರಿ ಬಿಚ್ಚಿಟ್ಟಳು. ಹೆಡ್‌ಮಾಸ್ತರರು ಅವಳ ಪಾಠ ನೋಡಿದಾಗಲೆಲ್ಲ ಒಂದೇ ಸಾಲು ಬರೆದಿದ್ದರು: ‘ಪಾಠ ಅಡ್ಡಿ ಇಲ್ಲ.’

“ಎರಡು ವರ್ಷದಿಂದ ಇಷ್ಟೇ ಮೇಡಂ. ನಾನು ಇದ್ರೂ ಒಂದೇ, ಹೋದ್ರೂ ಒಂದೇ ಅಂತ ತಾನೇ?” ಎಂದಳು. ಕಣ್ಣು ತುಂಬಿತ್ತು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡ್ಡಿ ಇಲ್ಲ ಅಂದರೆ ಅವಳ ಊರಿನಲ್ಲಿ ಬರೀ ತಕರಾರಿಲ್ಲ ಅಂತ. ನಮ್ಮಲ್ಲಿ ಅದಕ್ಕಿಂತ ಮೇಲಿನ ಹೊಗಳಿಕೆಯನ್ನು ಯಾರೂ ಕಂಡಿಲ್ಲ. ಕನ್ಯೆ ನೋಡಲು ಬಂದು ಚಹಾ ಕುಡಿದು ಹೋದ ನನ್ನ ಗಂಡ, ಹುಡುಗಿ ಹೆಂಗೆ ಎಂದು ಕೇಳಿದ್ದಕ್ಕೆ ಅಡ್ಡಿ ಇಲ್ಲ ಎಂದಿದ್ದರಂತೆ. ಆ ಎರಡು ಶಬ್ದದ ಮೇಲೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ. ಇದನ್ನೆಲ್ಲ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು. ಅಂದರೆ, ನನ್ನನ್ನೂ ತಪ್ಪಾಗಿಯೇ ಕನ್‌ಸ್ಟ್ರೂ ಮಾಡಿದಳು.

ಆಗ ಹಲಸಂಗಿ ಮಾಸ್ತರರ ‘ಮೊದಲ ಕ್ರಿಯಾಪದ ಹುಡುಕ್ರಿ’ ನೆನಪಾಯಿತು.

“ತಂಗಿ, ಹೆಡ್‌ಮಾಸ್ತರ್ರು ಬರದದ್ದು ಬಿಡು. ಏನ ಮಾಡ್ಯಾರ, ಅದನ್ನ ನೋಡು. ಮುದ್ದೇಬಿಹಾಳದ ದೊಡ್ಡ ಸಾಲಿ ಬಿಡಿಸಿ ತಮ್ಮ ಮಗಳ ಮಗಳನ್ನ ತಂದು ನಿನ್ನ ವರ್ಗದಾಗ ಕುಂಡ್ರಿಸ್ಯಾರಲ್ಲ, ಯಾಕ?” ಎಂದೆ.

ಅವಳು ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿದಳು, ಹರಿಯಲಿಲ್ಲ.

ನನಗೆ ತಡೆಯಲಾಗಲಿಲ್ಲ, ಹೆಡ್‌ಮಾಸ್ತರರ ಕೋಣೆಗೇ ಹೋದೆ. ವಿಷಯ ಕೇಳಿ ಅವರು ಕಂಗಾಲಾದರು. “ಅಡ್ಡಿ ಇಲ್ಲ ಅಂತ ಬರದೇನಲ್ರಿ, ಇನ್ನೇನ ಬರೀಬೇಕಿತ್ತು?” ಎಂದರು. ಡೈರಿ ತರಿಸಿ, ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಕೊನೆಗೆ ಹಳೆಯ ಸಾಲಿನೊಳಗೆ ಒಂದು ಶಬ್ದ ತುರುಕಿದರು. ‘ಪಾಠ ಏನೂ ಅಡ್ಡಿ ಇಲ್ಲ.’ ಪಾಪ, ಅವರ ಬೊಕ್ಕಸದಲ್ಲಿ ಇದ್ದದ್ದೇ ಅಷ್ಟು. ಇದನ್ನು ಓದಿದರೆ ಹುಡುಗಿ ಇವತ್ತೇ ಬಸ್ಸು ಹತ್ತುತ್ತಾಳೆ ಎಂದು ನಾನು ಹಣೆ ಹಣೆ ಬಡಿದುಕೊಂಡೆ.

ಶುಕ್ರವಾರ ಮಧ್ಯಾಹ್ನ ನಾನೂ ಶಾಲಿನಿಯೂ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತೆವು. ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಅರ್ಜಿಯ ಮಾತು ಎತ್ತಲು ಧೈರ್ಯ ಸಾಲದೆ, ನಮ್ಮ ಊರು ಈಗ ಹೆಂಗನಿಸ್ತದ ಎಂದು ಸುತ್ತಿ ಬಳಸಿ ಕೇಳಿದೆ.

“ಅಡ್ಡಿ ಇಲ್ಲ ಮೇಡಂ” ಎಂದಳು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಇದು ಯಾರ ಕನ್ನಡ, ಅವರದೋ ನಮ್ಮದೋ? ಮೂವತ್ತು ವರ್ಷ ವ್ಯಾಕರಣ ಕಲಿಸಿದವಳು ಎರಡು ಶಬ್ದದ ಮುಂದೆ ಬೆಪ್ಪಾಗಿ ಕೂತೆ. ಮುಖ ನೋಡಿದೆ, ತಿಳಿಯಲಿಲ್ಲ. ಕಣ್ಣು ಕೆಳಗಿಳಿಸಿದೆ. ಎಣ್ಣೆಗಾಯಿಯ ಡಬ್ಬಿಯ ಅಡಿಗೆ, ಮೇಜಿಗೆ ಎಣ್ಣೆ ಹತ್ತದಿರಲೆಂದು ಅವಳು ಒಂದು ಕಾಗದ ಹಾಸಿದ್ದಳು. ಎಣ್ಣೆ ಹೀರಿದ ಕಾಗದದ ಮೇಲೆ ‘ವರ್ಗಾವಣೆ ಕೋರಿ’ ಎಂಬ ಅಕ್ಷರಗಳು ಇನ್ನೂ ಕಾಣುತ್ತಿದ್ದವು.

ಕ್ರಿಯಾಪದ ಸಿಕ್ಕಿತು. ಅವಳಿಗೆ ಇನ್ನೊಂದು ರೊಟ್ಟಿ ಹಾಕಿದೆ.