ಹಿಂದಿನ ಸಾಲಿನ ಸಿಪಾಯಿಗಳು

ಕಪ್ಪು ಬಿಳುಪಿನ ಹಳೆಯ ಯುದ್ಧದ ಸಿನಿಮಾ ಎಂದರೆ ನನಗೆ ಪ್ರಾಣ. ಯಾವ ದೇಶದ್ದಾದರೂ ಸರಿ, ಮಾತು ಅರ್ಥವಾಗದಿದ್ದರೂ ಸರಿ. ಹೊಗೆಯ ನಡುವೆ ಕಂದಕದಿಂದ ಏಳುವ ಆ ಮುಖಗಳ ಕಳೆ ಈಗಿನ ಬಣ್ಣದ ಚಿತ್ರಗಳಿಗೆ ಎಲ್ಲಿಂದ ಬರಬೇಕು? ಭಾನುವಾರ ಮುದ್ದೆ ಉಂಡು ಟೀವಿಗೆ ಮೊಬೈಲು ಜೋಡಿಸಿದರೆ ಸಾಕು, ಹೆಂಡತಿ "ಸುರುವಾಯ್ತು ಢಂ ಢಮಾರು" ಎಂದು ಮೂಗು ಮುರಿದು ಎದ್ದು ಹೋಗುತ್ತಾಳೆ. ಎಂಬತ್ತು ದಾಟಿದ ಅಪ್ಪ ಮಾತ್ರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾನೆ.

ಅಪ್ಪನಿಗೂ ನನ್ನ ಹುಚ್ಚೇ ಹತ್ತಿದೆ ಎಂದು ಬೀಗುತ್ತಿದ್ದೆ. ಆಮೇಲೆ ಗಮನಿಸಿದರೆ, ಅವನು ನಾಯಕನನ್ನು ನೋಡುತ್ತಲೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಹೆಲ್ಮೆಟ್ಟು ಹಾಕಿಕೊಂಡು ನಡೆಯುವ ಸಿಪಾಯಿಗಳ ಮುಖವನ್ನು ಒಂದೊಂದಾಗಿ ನೋಡುತ್ತಿದ್ದ.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ನಾನು ಹುಟ್ಟುವ ಮೊದಲೇ ಸೈನ್ಯ ಸೇರಿ ಯುದ್ಧಕ್ಕೆ ಹೋದವನು ವಾಪಸು ಬರಲಿಲ್ಲ. ನಾಪತ್ತೆ ಎಂದರೇ ಹೊರತು ಸತ್ತ ಎಂದು ಯಾರೂ ಹೇಳಲಿಲ್ಲ. ಮನೆಯಲ್ಲಿರುವ ಅವನ ಒಂದೇ ಫೋಟೊ ಕೂಡ ಕಪ್ಪು ಬಿಳುಪಿನದು. ಮಾರ್ನಮಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವನಿಗೂ ಒಂದು ಎಲೆ ಹಾಕೋಣ ಎಂದು ಯಾರಾದರೂ ಬಾಯಿ ಬಿಟ್ಟರೆ ಅಪ್ಪ ಸಿಡಿಯುತ್ತಿದ್ದ.

"ಬದುಕಿರೋನ್ಗೆ ಎಡೆ ಇಕ್ಕಾರಾ? ಸತ್ತೋರ್‌ಗಿಕ್ಕಿ, ಸಾಕು."

ಕಳೆದ ವರ್ಷ ಒಂದು ಭಾನುವಾರ ಸೆರೆಯಾಳುಗಳ ಸಿನಿಮಾ ಹಾಕಿದ್ದೆ. ಕೊನೆಗೆ ಯುದ್ಧ ಮುಗಿದು, ಶಿಬಿರದ ಗೇಟು ತೆರೆದು, ಬಡಕಲಾದ ಸಿಪಾಯಿಗಳು ಸಾಲಾಗಿ ಹೊರಬಂದರು. ಅಪ್ಪ ಮುಂದಕ್ಕೆ ಬಾಗಿದ. ಕುಂಟುತ್ತಾ ಕೊನೆಯವನೂ ದಾಟಿದ. ಪರದೆ ಕಪ್ಪಾಯಿತು.

"ಮುಗೀತೇನ್ಲಾ?"

"ಮುಗೀತಪ್ಪ."

"ಇನ್ ಯಾರೂ ಬರಕಿಲ್ವಾ?"

"ಇಲ್ಲ ಕಣಪ್ಪ, ಬರೋರೆಲ್ಲ ಬಂದಾಯ್ತು," ಎಂದೆ, ವೈರು ಸುತ್ತುತ್ತಾ.

ಆ ಮಾರ್ನಮಿಗೆ ಅಪ್ಪನೇ ಕರೆದು ಹೇಳಿದ. "ಅವನ್ಗೂ ಒಂದ್ ಎಲೆ ಹಾಕ್ಸು. ಪಂಚೆ ಬ್ಯಾಡ, ಪ್ಯಾಂಟು ಸರ್ಟು ತಕ್ಕೊಂಡ್ ಬಾ. ಸಣ್ ಸೊಂಟ ಅವನ್ದು."

ಮಂಡ್ಯದ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತರ ಹುಡುಗನ ಅಳತೆಯ ಪ್ಯಾಂಟು ಹಿಡಿದು ನಿಂತಾಗ ಅಳು ಬಂತು. ಇಷ್ಟು ವರ್ಷ ಅಪ್ಪನ ಪಾಲಿಗೆ ಬದುಕಿದ್ದವನನ್ನು ನನ್ನ ಒಂದು ಮಾತು ಮುಗಿಸಿಬಿಟ್ಟಿತಲ್ಲ ಎಂದು ಭಯವೂ ಆಯಿತು.

ಹಬ್ಬದ ದಿನ ಎಲೆಗಳಿಗೆ ಬಾಡಿನ ಸಾರು, ವಡೆ, ಕಜ್ಜಾಯ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿದೆವು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದು ನಾವು ಊಟಕ್ಕೆ ಕೂರುವುದು ವಾಡಿಕೆ. ಆ ಹೊತ್ತು ಕಳೆಯಿತು. ಹೆಂಡತಿ ಎದ್ದು ಬಾಗಿಲಿಗೆ ಕೈ ಹಾಕಿದಳು.

"ತಡಿಯವ್ವ," ಎಂದ ಅಪ್ಪ. "ನಮ್ಮಪ್ಪ ಅವ್ವ ಇಲ್ಲೇ ಹೊಲದಲ್ಲಿ ಮಣ್ಣಾಗವ್ರೆ, ಬಂದು ಉಂಡಿರ್ತಾರೆ. ಅವ್ನು ದೂರದಿಂದ ಬರ್ಬೇಕು."